ಕಫ ಕೊಡಿ ಅಂದರೆ ಸಾಲದು: ಟಿಬಿ ಲ್ಯಾಬಿನಲ್ಲಿ ನನ್ನ ಅನುಭವ

ಟಿಬಿ ಲ್ಯಾಬಿನಲ್ಲಿ ನಾನು ಕೆಲಸ ಶುರು ಮಾಡಿ 18 ವರ್ಷವಾಯಿತು. ಅದರಲ್ಲಿ ಮೊದಲ ನಾಲ್ಕು ವರ್ಷ ಒಂದು ತಪ್ಪು ನಂಬಿಕೆಯಲ್ಲೇ ಕಳೆದೆ. ಕಫದ ಡಬ್ಬಿ ನನ್ನ ಮೇಜಿಗೆ ಬಂದ ಮೇಲೆ ನನ್ನ ಕೆಲಸ ಶುರು, ಅದಕ್ಕೂ ಮುಂಚೆ ಏನಾಯಿತು ಅನ್ನುವುದು ನನ್ನ ತಲೆನೋವಲ್ಲ ಅಂತ. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಲ್ಲಿ ಈಗಲೂ ಇದೇ ನಂಬಿಕೆ ನೋಡುತ್ತೇನೆ. ಅದಕ್ಕೇ ಇದನ್ನು ಬರೆಯಲು ಕೂತೆ.

ನನ್ನ ನಂಬಿಕೆ ಮುರಿದದ್ದು ಒಬ್ಬ ತಾಯಿಯಿಂದ. ಒಂದು ತಿಂಗಳಿಂದ ಕೆಮ್ಮು, ಸಂಜೆಯಾದರೆ ಸಣ್ಣ ಜ್ವರ, ತೂಕ ಇಳಿದಿತ್ತು. "ಕಫ ಕೊಡಿ" ಅಂತ ಡಬ್ಬಿ ಕೈಗಿಟ್ಟೆ. ಅವರು ಸುತ್ತ ಇದ್ದವರನ್ನು ನೋಡಿದರು, ಆ ಕಡೆ ತಿರುಗಿಕೊಂಡರು, ಸದ್ದಾಗದ ಹಾಗೆ ಏನೋ ಉಗುಳಿ ತಂದುಕೊಟ್ಟರು. ಮಾರನೇ ದಿನವೂ ಹಾಗೇ. ಎರಡೂ ದಿನದ ಕಫವನ್ನು ಸ್ಲೈಡಿನ ಮೇಲೆ, ಅಂದರೆ ಗಾಜಿನ ಪಟ್ಟಿಯ ಮೇಲೆ ಹರಡಿ, ಸೂಕ್ಷ್ಮದರ್ಶಕದಲ್ಲಿ ನೂರು ನೂರು ಫೀಲ್ಡ್ (ಒಂದು ಸಲಕ್ಕೆ ಕಣ್ಣಿಗೆ ಕಾಣುವಷ್ಟು ಜಾಗ) ನೋಡಿದೆ, ಒಂದು ಕ್ರಿಮಿಯೂ ಸಿಗಲಿಲ್ಲ. ನೆಗೆಟಿವ್ ಅಂತ ಬರೆದು ಕಳಿಸಿದೆ.

ಮೂರು ತಿಂಗಳೊಳಗೆ ಅವರು ಮತ್ತೆ ಬಂದರು. ಈ ಸಲ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರು. ಕೆಮ್ಮಿದರೆ ಕಫ ತಾನಾಗಿಯೇ ಬರುತ್ತಿತ್ತು, ಗಟ್ಟಿಯಾಗಿ, ಹಳದಿಯಾಗಿ, ರಕ್ತದ ಗೆರೆ ಜೊತೆ. ಸ್ಲೈಡ್ ನೋಡಿದರೆ 3+. ಅಂದರೆ ಒಂದೊಂದು ಫೀಲ್ಡಿನಲ್ಲೂ ಹತ್ತಕ್ಕಿಂತ ಜಾಸ್ತಿ ಕ್ರಿಮಿ.

ನಾನು ಹಳೆಯ ಸ್ಲೈಡುಗಳನ್ನು ಪೆಟ್ಟಿಗೆಯಿಂದ ಹುಡುಕಿ ತೆಗೆದೆ. ಬೇರೆಯವರು ಮರುಪರೀಕ್ಷೆ ಮಾಡಲಿ ಅಂತ ಸ್ಲೈಡುಗಳನ್ನು ಒಂದಷ್ಟು ಕಾಲ ಇಟ್ಟಿರುತ್ತೇವೆ. ನನ್ನ ಕಣ್ಣು ತಪ್ಪಿತೇನೋ ಅಂದುಕೊಂಡು ಮತ್ತೆ ಪೂರ್ತಿ ನೋಡಿದೆ. ಕ್ರಿಮಿ ಇರಲಿಲ್ಲ, ಸರಿ. ಆದರೆ ಕೀವಿನ ಕಣಗಳೂ ಇರಲಿಲ್ಲ. ಇದ್ದದ್ದು ಕೆನ್ನೆಯ ಒಳಪದರದಿಂದ ಉದುರುವ ಚಪ್ಪಟೆ ಕಣಗಳು ಮಾತ್ರ. ಎದೆಯಿಂದ ಬಂದದ್ದು ಆ ಸ್ಲೈಡಿನಲ್ಲಿ ಏನೂ ಇರಲಿಲ್ಲ, ಬರೀ ಎಂಜಲು. ನಾನು ಒಬ್ಬರ ಎಂಜಲು ಪರೀಕ್ಷೆ ಮಾಡಿ ಅವರ ಶ್ವಾಸಕೋಶದ ಬಗ್ಗೆ ತೀರ್ಪು ಕೊಟ್ಟಿದ್ದೆ.

ಆ ಮೂರು ತಿಂಗಳು ಅವರು ಮನೆಯಲ್ಲೇ ಕೆಮ್ಮುತ್ತಾ ಇದ್ದರು. ಅವರ ಚಿಕ್ಕ ಮಗುವಿಗೂ ಟಿಬಿ ಬಂದಿತ್ತು. ಇದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ.

ಸೂಕ್ಷ್ಮದರ್ಶಕದ ಮಿತಿ ಗೊತ್ತಿದ್ದರೆ ಇದು ಯಾಕೆ ಇಷ್ಟು ದೊಡ್ಡ ವಿಷಯ ಅಂತ ಅರ್ಥವಾಗುತ್ತದೆ. ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000 ಕ್ರಿಮಿಗಳಾದರೂ ಇದ್ದರೆ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತವೆ. ಒಳ್ಳೆಯ ಕಫದಲ್ಲೇ ಎಷ್ಟೋ ಸಲ ಅಷ್ಟಿರುವುದಿಲ್ಲ. ಅದಕ್ಕೆ ಎಂಜಲು ಸೇರಿಸಿ ತೆಳ್ಳಗೆ ಮಾಡಿದರೆ ಕೇಳಬೇಕಾ.

ಆಮೇಲೆ ಓದಲು ಶುರು ಮಾಡಿದೆ. 2007ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು, ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಮಾಡಿದ್ದು. ಮೂರು ಸಾವಿರದಷ್ಟು ಜನ. ಅರ್ಧ ಜನಕ್ಕೆ ಕಫ ಹೇಗೆ ಕೊಡಬೇಕು ಅಂತ ಸರಿಯಾಗಿ ಹೇಳಿಕೊಟ್ಟರು, ಉಳಿದವರಿಗೆ ಎಂದಿನಂತೆ ಸುಮ್ನೆ ಡಬ್ಬಿ ಕೊಟ್ಟರು. ಹೇಳಿಸಿಕೊಂಡ ಹೆಂಗಸರಲ್ಲಿ ನೂರಕ್ಕೆ 13 ಜನ ಪಾಸಿಟಿವ್ ಬಂದರು, ಹೇಳಿಸಿಕೊಳ್ಳದ ಹೆಂಗಸರಲ್ಲಿ ನೂರಕ್ಕೆ 8. ಗಂಡಸರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹೊಸ ಔಷಧ ಇಲ್ಲ, ಹೊಸ ಯಂತ್ರ ಇಲ್ಲ, ಬರೀ ಮಾತು. ಇದನ್ನು ಓದಿದ ದಿನ ನನಗೆ ಆ ತಾಯಿ ಆ ಕಡೆ ತಿರುಗಿಕೊಂಡದ್ದೇ ನೆನಪಾಯಿತು. ಹೆಂಗಸರು ಜನರ ಮುಂದೆ ಜೋರಾಗಿ ಕೆಮ್ಮಿ ಉಗುಳಲು ನಾಚುತ್ತಾರೆ, ಅದು ನನಗೆ ಗೊತ್ತಿತ್ತು, ಆದರೆ ಅದಕ್ಕೂ ನನ್ನ ರಿಪೋರ್ಟಿಗೂ ಏನು ಸಂಬಂಧ ಅಂತ ಯೋಚಿಸಿರಲೇ ಇಲ್ಲ.

ಈಗ ನಾನು ಮಾಡುವುದು ಹೀಗೆ. ಡಬ್ಬಿ ಕೊಡುವ ಮೊದಲು ಅವರನ್ನು ಕೂರಿಸುತ್ತೇನೆ. "ನೋಡಿ ಅಮ್ಮ, ನನಗೆ ಬಾಯಲ್ಲಿರುವ ಎಂಜಲು ಬೇಡ, ಇಲ್ಲಿಂದ ಬರುವುದು ಬೇಕು" ಅಂತ ನನ್ನ ಎದೆ ಮೇಲೆ ಕೈಯಿಟ್ಟು ತೋರಿಸುತ್ತೇನೆ. ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳುತ್ತೇನೆ, ಬಾಯಲ್ಲಿ ಉಳಿದ ತುಣುಕುಗಳು ಬಂದರೆ ಪರೀಕ್ಷೆ ಕೆಡುತ್ತದೆ. ಆಮೇಲೆ ಉಸಿರು ದೀರ್ಘವಾಗಿ ಎಳೆದುಕೊಂಡು, ನಾಲ್ಕೈದು ಎಣಿಸುವಷ್ಟು ಹಿಡಿದು, ನಿಧಾನಕ್ಕೆ ಬಿಡಬೇಕು. ಎರಡು ಸಲ ಹೀಗೆ ಮಾಡಿ, ಮೂರನೇ ಸಲ ಎಳೆದುಕೊಂಡಾಗ ಹೊಟ್ಟೆಯಿಂದ ಕೆಮ್ಮಬೇಕು. ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ಬರುವುದಿಲ್ಲ. ನಾನೇ ಕೆಮ್ಮಿ ತೋರಿಸುತ್ತೇನೆ, ನಾನು ಜೋರಾಗಿ ಕೆಮ್ಮಿದ್ದು ನೋಡಿದ ಮೇಲೆ ಅವರ ಸಂಕೋಚವೂ ಅರ್ಧ ಹೋಗುತ್ತದೆ.

ಜಾಗ ಬಹಳ ಮುಖ್ಯ. ಬಯಲಲ್ಲಿ, ಗಾಳಿ ಆಡುವ ಕಡೆ, ಆದರೆ ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ. ಮುಚ್ಚಿದ ಕೋಣೆಯಲ್ಲಿ, ಶೌಚಾಲಯದಲ್ಲಿ ಖಂಡಿತ ಬೇಡ, ಅಲ್ಲಿ ಕ್ರಿಮಿ ಗಾಳಿಯಲ್ಲೇ ತೇಲುತ್ತಾ ಉಳಿದು ಮುಂದೆ ಒಳಗೆ ಹೋದವರಿಗೆ ಅಂಟುತ್ತದೆ. ನಾನು ದೂರ ನಿಲ್ಲುತ್ತೇನೆ, ಗಾಳಿ ನನ್ನ ಬೆನ್ನ ಕಡೆಯಿಂದ ಅವರ ಕಡೆ ಬೀಸುವ ಹಾಗೆ.

ಡಬ್ಬಿ ವಾಪಸ್ ಬಂದಾಗ ಅವರ ಎದುರಲ್ಲೇ ನೋಡುತ್ತೇನೆ. ಎರಡು ಮೂರು ಮಿಲಿಲೀಟರ್ ಇರಬೇಕು, ಎಳೆ ಎಳೆಯಾಗಿ ಗಟ್ಟಿ ಇರಬೇಕು. ನೀರಿನಂತೆ ನೊರೆ ಮಾತ್ರ ಇದ್ದರೆ ಗದರುವುದಿಲ್ಲ, ಸ್ವಲ್ಪ ಹೊತ್ತು ಕೂತುಕೊಳ್ಳಿ, ಮತ್ತೆ ಮಾಡೋಣ ಅನ್ನುತ್ತೇನೆ. ಗದರಿದರೆ ಅವರು ಮತ್ತೆ ಬರುವುದೇ ಇಲ್ಲ. ಎಷ್ಟು ಮಾಡಿದರೂ ಅಷ್ಟೇ ಬಂದರೆ ಅದನ್ನು ಚೆಲ್ಲುವುದೂ ಇಲ್ಲ, ಎಂಜಲಿನಂತೆ ಕಂಡದ್ದರಲ್ಲೂ ಒಮ್ಮೊಮ್ಮೆ ಕ್ರಿಮಿ ಸಿಕ್ಕಿದೆ. ಆದರೆ ರಿಪೋರ್ಟಿನಲ್ಲಿ "ಎಂಜಲು" ಅಂತ ಬರೆಯುತ್ತೇನೆ, ವೈದ್ಯರಿಗೆ ಆ ನೆಗೆಟಿವನ್ನು ಎಷ್ಟು ನಂಬಬೇಕು ಅಂತ ತಿಳಿಯಬೇಕಲ್ವಾ? ಮಾರನೇ ದಿನ ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮಿ ಒಂದು ಡಬ್ಬಿ ತರಲು ಹೇಳುತ್ತೇನೆ. ರಾತ್ರಿಯೆಲ್ಲ ಎದೆಯಲ್ಲಿ ಸೇರಿಕೊಂಡದ್ದು ಆಗ ಬರುತ್ತದೆ.

ಇನ್ನೊಂದು ಸಣ್ಣ ವಿಷಯ. ಹೆಸರು, ನಂಬರನ್ನು ಡಬ್ಬಿಯ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲೆ ಬೇಡ. ಮುಚ್ಚಳಗಳು ಅದಲು ಬದಲಾಗುತ್ತವೆ. ಒಂದು ಮುಚ್ಚಳ ಬದಲಾದರೆ ಒಬ್ಬರಿಗೆ ಬೇಡದ ಮಾತ್ರೆ, ಇನ್ನೊಬ್ಬರಿಗೆ ಬೇಕಾದ ಮಾತ್ರೆ ಇಲ್ಲ.

ಸ್ಲೈಡ್ ಮಾಡುವುದರಲ್ಲೂ ಇದೇ ಗಮನ ಬೇಕು. ಮರದ ಕಡ್ಡಿಯಲ್ಲಿ ಕಫದ ಹಳದಿ ಗಟ್ಟಿ ಭಾಗವನ್ನೇ ಹುಡುಕಿ ಎತ್ತಬೇಕು. ಎರಡು ಸೆಂಟಿಮೀಟರ್ ಅಗಲ, ಮೂರು ಸೆಂಟಿಮೀಟರ್ ಉದ್ದಕ್ಕೆ ಹರಡಬೇಕು. ಒಣಗಿದ ಮೇಲೆ ಸ್ಲೈಡನ್ನು ಅಚ್ಚಾದ ಕಾಗದದ ಮೇಲೆ ಹಿಡಿದರೆ ಅಕ್ಷರ ಓದಲು ಬರಬೇಕು, ಬರದಿದ್ದರೆ ದಪ್ಪವಾಯಿತು ಅಂತ. ಆಮೇಲೆ ಕಾರ್ಬಾಲ್ ಫುಕ್ಸಿನ್ ಅನ್ನುವ ಕೆಂಪು ಬಣ್ಣ ಹಾಕಿ ಹಬೆ ಏಳುವವರೆಗೆ ಕೆಳಗಿನಿಂದ ಕಾಯಿಸಬೇಕು, ಕುದಿಸಬಾರದು. ಈ ಕ್ರಿಮಿಗೆ ಮೇಣದಂಥ ಹೊದಿಕೆ ಇದೆ, ಬಿಸಿ ಇಲ್ಲದೆ ಬಣ್ಣ ಒಳಗೆ ಹೋಗುವುದಿಲ್ಲ. ಒಮ್ಮೆ ಹೋದರೆ ಆಸಿಡ್ ಹಾಕಿ ತೊಳೆದರೂ ಬಿಡುವುದಿಲ್ಲ, ಉಳಿದದ್ದೆಲ್ಲ ಬಣ್ಣ ಬಿಡುತ್ತದೆ. ಕೊನೆಗೆ ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ. ನೀಲಿ ಹಿನ್ನೆಲೆಯಲ್ಲಿ ಕೆಂಪು ಸಣ್ಣ ಕಡ್ಡಿಗಳು. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ ಈ ಕ್ರಿಮಿಯನ್ನು ಜಗತ್ತಿಗೆ ತೋರಿಸಿದ್ದು 1882ರ ಮಾರ್ಚ್ 24ರಂದು. ಅದೇ ವರ್ಷ ಇನ್ನೊಬ್ಬ ಜರ್ಮನ್ ವಿಜ್ಞಾನಿ ಪಾಲ್ ಎರ್ಲಿಕ್ ಬಣ್ಣ ಹಾಕುವ ಕ್ರಮವನ್ನು ಸುಧಾರಿಸಿದರು, ಕೆಲವು ವರ್ಷದ ಮೇಲೆ ಅದೇ ಕ್ರಮದಲ್ಲಿ ತಮ್ಮದೇ ಕಫದಲ್ಲಿ ಈ ಕ್ರಿಮಿಯನ್ನು ಕಂಡರು. ಲೆನ್ಸಿನ ಆಚೆ ಇರುವುದು ಯಾರ ಕಫ ಬೇಕಾದರೂ ಆಗಬಹುದು ಅನ್ನುವುದನ್ನು ನಾನು ಮರೆಯುವುದಿಲ್ಲ.

ಆಮೇಲೆ ಕಫದಲ್ಲಿ ಕ್ರಿಮಿಯ ಡಿಎನ್ಎ ಹುಡುಕುವ ಯಂತ್ರ ಬಂತು. ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಪ್ಪಿಗೆ ಕೊಟ್ಟಿತು. ಕಫಕ್ಕೆ ಎರಡರಷ್ಟು ದ್ರಾವಣ ಬೆರೆಸಿ, ಕುಲುಕಿ, 15 ನಿಮಿಷ ಬಿಟ್ಟು, ಕಾರ್ಟ್ರಿಡ್ಜಿಗೆ, ಅಂದರೆ ಯಂತ್ರದೊಳಗೆ ಇಡುವ ಸಣ್ಣ ಡಬ್ಬಿಗೆ ಹಾಕಿದರೆ ಎರಡು ಗಂಟೆಯೊಳಗೆ ಉತ್ತರ. ಕ್ರಿಮಿ ಇದೆಯಾ ಅನ್ನುವುದರ ಜೊತೆಗೆ ಟಿಬಿಯ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗುತ್ತದಾ ಇಲ್ವಾ ಅನ್ನುವುದನ್ನೂ ಹೇಳುತ್ತದೆ. ಮಿಲಿಲೀಟರಿಗೆ ಸುಮಾರು 130 ಕ್ರಿಮಿ ಇದ್ದರೆ ಸಾಕು, ಆಮೇಲೆ ಬಂದ ಅಲ್ಟ್ರಾ ಕಾರ್ಟ್ರಿಡ್ಜಿಗೆ ಸುಮಾರು 16 ಸಾಕು. ಅದಕ್ಕೂ ಮುಂಚೆ ಔಷಧಕ್ಕೆ ಬಗ್ಗದ ಟಿಬಿ ಅಂತ ಗೊತ್ತಾಗಲು ಕ್ರಿಮಿಯನ್ನು ಬೆಳೆಸಿ ನೋಡಬೇಕಿತ್ತು. ಒಂದು ಕ್ರಿಮಿ ಎರಡಾಗಲು ಹೆಚ್ಚುಕಡಿಮೆ ಒಂದು ದಿನ ಬೇಕು, ಹಾಗಾಗಿ ವಾರಗಟ್ಟಲೆ ಕಾಯುತ್ತಿದ್ದೆವು. ಅಷ್ಟರಲ್ಲಿ ಕೆಲವರು ತೀರಿಕೊಂಡೇ ಹೋಗುತ್ತಿದ್ದರು.

ಯಂತ್ರ ಬಂದಾಗ ನಮ್ಮಲ್ಲಿ ಕೆಲವರು ಇನ್ನು ಕಫ ಹೇಗಿದ್ದರೂ ನಡೆಯುತ್ತದೆ ಅಂದುಕೊಂಡರು. ನಡೆಯುವುದಿಲ್ಲ. ಎಂಜಲು ಹಾಕಿದರೆ ಯಂತ್ರವೂ ಎಂಜಲನ್ನೇ ಪರೀಕ್ಷಿಸುತ್ತದೆ. ಮತ್ತೆ ಯಂತ್ರಕ್ಕೆ ಸತ್ತ ಕ್ರಿಮಿಯ ಡಿಎನ್ಎ ಕೂಡ ಕಾಣುತ್ತದೆ, ಹಾಗಾಗಿ ಚಿಕಿತ್ಸೆ ನಡೆಯುತ್ತಿರುವವರು ಗುಣವಾಗುತ್ತಿದ್ದಾರಾ ಅಂತ ನೋಡಲು ಅದು ಬರುವುದಿಲ್ಲ. ಅದಕ್ಕೆ ಈಗಲೂ ಸ್ಲೈಡ್ ಬೇಕು, ಕ್ರಿಮಿ ಬೆಳೆಸುವ ಪರೀಕ್ಷೆ ಬೇಕು.

ಈ ಹದಿನೆಂಟು ವರ್ಷದಲ್ಲಿ ನನಗೆ ತುಂಬಾ ಸಮಾಧಾನ ಕೊಟ್ಟದ್ದು ಔಷಧಕ್ಕೆ ಬಗ್ಗದ ಟಿಬಿಯ ಚಿಕಿತ್ಸೆ ಬದಲಾದದ್ದು. ಮೊದಲು ಅಂಥ ರಿಪೋರ್ಟ್ ಬರೆಯುವಾಗ ಸಂಕಟವಾಗುತ್ತಿತ್ತು. ಒಂದೂವರೆ ಎರಡು ವರ್ಷ ಮಾತ್ರೆ, ತಿಂಗಳುಗಟ್ಟಲೆ ದಿನವೂ ಇಂಜೆಕ್ಷನ್, ಅದರಿಂದ ಕೆಲವರಿಗೆ ಕಿವಿಯೇ ಕೇಳಿಸದೆ ಹೋಗುತ್ತಿತ್ತು. 2012ರ ಕೊನೆಯಲ್ಲಿ ಹೊಸ ಔಷಧ ಬೆಡಾಕ್ವಿಲಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, 2019ರಲ್ಲಿ ಪ್ರೆಟೊಮಾನಿಡ್‌ಗೆ. ಇವೆರಡರ ಜೊತೆ ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಾಸಿನ್ ಸೇರಿಸಿ ಆರು ತಿಂಗಳು ಬಾಯಿಗೆ ಮಾತ್ರೆ ಕೊಟ್ಟರೆ ಸಾಕು ಅಂತ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಇಂಜೆಕ್ಷನ್ ಇಲ್ಲ. ಎಲ್ಲರಿಗೂ ಇದು ಹೊಂದುವುದಿಲ್ಲ, ಅದನ್ನು ವೈದ್ಯರೇ ನೋಡಿ ಹೇಳಬೇಕು.

ಆದರೂ 2023ರಲ್ಲಿ ಜಗತ್ತಿನಲ್ಲಿ 1.08 ಕೋಟಿ ಜನಕ್ಕೆ ಟಿಬಿ ಬಂತು, 12.5 ಲಕ್ಷ ಜನ ಸತ್ತರು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಪತ್ತೆಯಾಗಿ ಲೆಕ್ಕಕ್ಕೆ ಬಂದವರು 82 ಲಕ್ಷ ಮಾತ್ರ. ಉಳಿದವರು ಎಲ್ಲಿದ್ದಾರೆ? ಎಷ್ಟೋ ಜನ ಆಸ್ಪತ್ರೆಗೇ ಬಂದಿರುವುದಿಲ್ಲ. ಆದರೆ ಬಂದು, ಡಬ್ಬಿ ತೆಗೆದುಕೊಂಡು, ನೆಗೆಟಿವ್ ಅನ್ನಿಸಿಕೊಂಡು ಮನೆಗೆ ಹೋದವರೂ ಅವರಲ್ಲಿ ಇದ್ದಾರೆ ಅಂತ ನಾನು ನಂಬುತ್ತೇನೆ. ಒಬ್ಬರನ್ನು ನಾನೇ ಕಳಿಸಿದ್ದೆ.

ಕಫವೇ ಕೊಡಲಾಗದವರ ವಿಷಯ ಬೇರೆ. ಮಕ್ಕಳು ಕಫವನ್ನು ಉಗುಳುವುದಿಲ್ಲ, ನುಂಗುತ್ತಾರೆ. ಆ ತಾಯಿಯ ಮಗುವಿಗೆ ಬೆಳಗಿನ ಹೊತ್ತು ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ ನುಂಗಿದ ಕಫ ತೆಗೆಯಬೇಕಾಯಿತು, ಮಗು ಅತ್ತದ್ದು ಇನ್ನೂ ಕಿವಿಯಲ್ಲಿದೆ. ಈಗ ಮಗುವಿನ ಮಲದಲ್ಲೇ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಮಾಡಬಹುದು, ನುಂಗಿದ್ದು ಕೊನೆಗೆ ಅಲ್ಲಿಗೇ ತಾನೇ ಬರುವುದು. ಎಚ್‌ಐವಿ ಇದ್ದು ತುಂಬಾ ಕುಗ್ಗಿದವರಿಗೆ ಮೂತ್ರದಲ್ಲಿ ನೋಡುವ ಪಟ್ಟಿ ಬಂದಿದೆ. ನಾಲಿಗೆಯ ಮೇಲೆ ಹತ್ತಿಕಡ್ಡಿ ಒರೆಸಿ ಪರೀಕ್ಷಿಸುವ ಬಗ್ಗೆಯೂ ಸಂಶೋಧನೆ ಜೋರಾಗಿ ನಡೆಯುತ್ತಿದೆ, ಒಳ್ಳೆಯ ಕಫದಷ್ಟು ಅದು ಹಿಡಿಯುವುದಿಲ್ಲ, ಆದರೆ ಏನೂ ಕೊಡಲಾಗದವರಿಗೆ ದೊಡ್ಡ ಆಸರೆ. ಲಸಿಕೆಯ ಕಡೆ ನಮ್ಮ ಕೈಯಲ್ಲಿರುವುದು ಇನ್ನೂ 1921ರ ಬಿಸಿಜಿ ಒಂದೇ. ಅದು ಚಿಕ್ಕ ಮಕ್ಕಳನ್ನು ಮಿದುಳಿನ ಟಿಬಿಯಿಂದ ಕಾಪಾಡುತ್ತದೆ, ದೊಡ್ಡವರ ಶ್ವಾಸಕೋಶಕ್ಕೆ ಅಷ್ಟು ಉಪಯೋಗವಿಲ್ಲ. ಎಂ72 ಅನ್ನುವ ಹೊಸ ಲಸಿಕೆ ಹಿಂದಿನ ಪರೀಕ್ಷೆಯಲ್ಲಿ ಸುಮಾರು ಅರ್ಧದಷ್ಟು ರಕ್ಷಣೆ ಕೊಟ್ಟಿತ್ತು. ಅದರ ಮೂರನೇ ಹಂತದ ಪರೀಕ್ಷೆ 2024ರಲ್ಲಿ ಶುರುವಾಗಿದೆ.

ಆ ತಾಯಿ ಏನಾದರು ಅಂತ ಹೇಳುವುದು ಬಾಕಿ ಇದೆ. ಅವರದ್ದು ಮಾಮೂಲಿ ಔಷಧಕ್ಕೆ ಬಗ್ಗುವ ಟಿಬಿ ಆಗಿತ್ತು. ಆರು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದರು, ಮಗುವಿಗೂ ನುಂಗಿಸಿದರು. ಎರಡು ತಿಂಗಳಾದಾಗ ಸ್ಲೈಡಿನಲ್ಲಿ ಕ್ರಿಮಿ ಇರಲಿಲ್ಲ. ಕೊನೆಯ ಪರೀಕ್ಷೆಗೆ ಬಂದ ದಿನ ನಾನು ಹೇಳಿಕೊಟ್ಟ ಹಾಗೇ ಬಾಯಿ ಮುಕ್ಕಳಿಸಿ, ಉಸಿರು ಹಿಡಿದು, ಯಾರ ಹಂಗೂ ಇಲ್ಲದೆ ಜೋರಾಗಿ ಕೆಮ್ಮಿದರು. ಅರ್ಧ ಗಂಟೆ ಪ್ರಯತ್ನಪಟ್ಟರು. "ಏನು ಮಾಡಿದರೂ ಬರುತ್ತಿಲ್ಲ" ಅಂತ ಬೇಜಾರಿನ ಮುಖದಲ್ಲಿ ಡಬ್ಬಿ ತಂದುಕೊಟ್ಟರು. ಒಳಗೆ ನೊರೆ ನೊರೆಯಾಗಿ ಎಂಜಲು ಮಾತ್ರ ಇತ್ತು. ಇನ್ನೊಂದು ಸಲ ಮಾಡಿ ಅಂತ ಆ ದಿನ ಹೇಳಲಿಲ್ಲ. "ಎಂಜಲು" ಅಂತ ಪುಸ್ತಕದಲ್ಲಿ ಬರೆದುಕೊಂಡೆ, ಸ್ಲೈಡ್ ಮಾಡಿದೆ, ನೂರು ಫೀಲ್ಡ್ ನೋಡಿದೆ.