ಕಂಚಿನ ಹೇಸರಗತ್ತೆ ತಲೆಯನ್ನು ನೋಡುವುದು ಹೇಗೆ?

ಮ್ಯೂಸಿಯಂನಲ್ಲಿ ಅಂಗೈಯಷ್ಟು ದೊಡ್ಡದೊಂದು ಕಂಚಿನ ಹೇಸರಗತ್ತೆ ತಲೆ ಕಂಡರೆ, ಯಾವುದೋ ಮುರಿದ ವಿಗ್ರಹ ಅಂದುಕೊಂಡು ಸುಮ್ನೆ ಮುಂದೆ ಹೋಗಬೇಡಿ. ಅದು ಮಂಚದ ತುಂಡು.

ಅಲೆಕ್ಸಾಂಡರನ ನಂತರದ ಗ್ರೀಕ್ ಲೋಕದಲ್ಲಿ ಉಳ್ಳವರು ಮಂಚದ ಮೇಲೆ ಒರಗಿಕೊಂಡೇ ಊಟ ಮಾಡುತ್ತಿದ್ದರು. ಎಡ ಮೊಣಕೈ ಊರಲು ತಲೆಯ ಕಡೆ ಒಂದು ಒರಗು ಇರುತ್ತಿತ್ತು. ಅದರ ಎರಡೂ ಬದಿಗೆ ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗಿದ ಕಂಚಿನ ಪಟ್ಟಿ, ರೋಮನ್ನರ ಮಾತಲ್ಲಿ ಫುಲ್ಕ್ರಂ. ಪಟ್ಟಿಯ ಮೇಲಿನ ತುದಿಗೆ ಹೇಸರಗತ್ತೆ, ಕುದುರೆ ಅಥವಾ ಬಾತುಕೋಳಿ ತಲೆ, ಕೆಳಗಿನ ತುದಿಗೆ ದುಂಡು ಬಿಲ್ಲೆಯೊಳಗೆ ಒಂದು ಮುಖ.

ಮೊದಲು ಕತ್ತಿನ ಬುಡ ನೋಡಿ, ಮುಖ ಆಮೇಲೆ. ಒಳಗೆ ಟೊಳ್ಳು ಕಾಣುತ್ತದೆ, ಯಾಕಂದ್ರೆ ಮೇಣದ ಅಚ್ಚು ಕರಗಿಸಿ ತೆಳ್ಳಗೆ ಎರಕ ಹೊಯ್ದಿರುತ್ತಾರೆ. ಮಂಚದ ಮರ ಯಾವತ್ತೋ ಕೊಳೆತುಹೋಗಿದೆ, ಕಂಚು ಮಾತ್ರ ಉಳಿದಿದೆ.

ಈಗ ಮುಖಕ್ಕೆ ಬನ್ನಿ. ಕತ್ತು ಪಕ್ಕಕ್ಕೆ ಹೊರಳಿದೆ, ಕಿವಿ ಹಿಂದಕ್ಕೆ ಮಡಚಿದೆ, ಬಾಯಿ ತೆರೆದು ಹಲ್ಲು ಕಾಣುತ್ತಿದೆ, ಇನ್ನೇನು ಅರಚಿಯೇ ಬಿಡುತ್ತದೆ ಅನ್ನುವ ಹಾಗೆ. ಒಳ್ಳೆಯ ಕೆಲಸವಾದರೆ ಕಣ್ಣಿಗೆ ಬೆಳ್ಳಿ ಕೂರಿಸಿರುತ್ತಾರೆ. ನನಗೆ ತುಂಬಾ ಇಷ್ಟವಾಗುವುದು ತಲೆಗೆ ಸುತ್ತಿದ ಬಳ್ಳಿ: ಎಲೆಯನ್ನು, ದ್ರಾಕ್ಷಿ ಗೊಂಚಲನ್ನು ಬೇರೆ ಬೇರೆಯಾಗಿ ಗುರುತಿಸಬಹುದು. ದ್ರಾಕ್ಷಿ ಅಂದರೆ ಮದ್ಯದ ದೇವರು ಡಯೊನೈಸಸ್. ಮುನಿಸಿಕೊಂಡಿದ್ದ ಕಮ್ಮಾರ ದೇವರು ಹೆಫೆಸ್ಟಸ್‌ಗೆ ಕುಡಿಸಿ, ಹೇಸರಗತ್ತೆ ಮೇಲೆ ಕೂರಿಸಿ ಗ್ರೀಕ್ ದೇವರುಗಳ ಮನೆಯಾದ ಒಲಿಂಪಸ್ ಬೆಟ್ಟಕ್ಕೆ ವಾಪಸ್ ಕರೆತಂದವನು ಅವನೇ. ಕುಡಿತದ ಕೂಟದ ಮಂಚಕ್ಕೆ ಈ ಪ್ರಾಣಿ ಸರಿಯಾಗಿಯೇ ಹೊಂದುತ್ತದೆ, ಅಲ್ವಾ?

ಜೋಡಿಯನ್ನೂ ಹುಡುಕಿ. ಒಂದು ಎಡಕ್ಕೆ ತಿರುಗಿದ್ದರೆ ಇನ್ನೊಂದು ಬಲಕ್ಕೆ ತಿರುಗಿರಬೇಕು. ಜಾಸ್ತಿ ನೋಡಬೇಕೆಂದರೆ ಉತ್ತರ ಆಫ್ರಿಕಾದ ಟ್ಯುನೀಷಿಯಾದ ರಾಜಧಾನಿ ಟ್ಯುನಿಸ್‌ನ ಬಾರ್ಡೊ ಮ್ಯೂಸಿಯಂ: 1907ರಲ್ಲಿ ಅದೇ ದೇಶದ ಮಹ್ದಿಯಾ ಊರಿನ ಹತ್ತಿರ ಸಮುದ್ರದಲ್ಲಿ ಸ್ಪಂಜು ತೆಗೆಯುವವರಿಗೆ ಸಿಕ್ಕ ಮುಳುಗಿದ ಹಡಗಿನಲ್ಲಿ ಇಂಥ ಮಂಚಗಳ ಕಂಚಿನ ಭಾಗಗಳು ರಾಶಿಯಾಗಿ ಇದ್ದವು.

ಒಂದು ಎಚ್ಚರಿಕೆ. 19ನೇ ಶತಮಾನದಲ್ಲಿ ರಿಪೇರಿ ಮಾಡಿದವರು ಕೆಲವು ಫುಲ್ಕ್ರಂಗಳನ್ನು ತಪ್ಪಾಗಿ ಜೋಡಿಸಿ, ಇಲ್ಲದ ಪೀಠಗಳನ್ನೇ ಸೃಷ್ಟಿಸಿದರು. ಪೂರ್ತಿ ಪೀಠ ಕಂಡಾಗ ಮರ ಹೊಸದೇ, ತಲೆ ಇರಬೇಕಾದ ಜಾಗದಲ್ಲಿದೆಯೇ ನೋಡಿ.

ಕೊನೆಗೆ ಸ್ವಲ್ಪ ಬಗ್ಗಿ, ಬದಿಯಿಂದ ನೋಡಿ. ಒರಗಿ ಕೂತವನ ಮೊಣಕೈ ಪಕ್ಕದಲ್ಲೇ, ಅಷ್ಟೇ ಎತ್ತರದಲ್ಲಿ ಈ ತಲೆ ಇರುತ್ತಿತ್ತು.