ಅಜ್ಜನ ಕೊಳಗ, ನನ್ನ ಡಬ್ಬ

ಬೆಳಿಗ್ಗೆ ನಾಲ್ಕೂವರೆಗೆ ಏಳುವುದು ನನಗೆ ಹನ್ನೆರಡು ವರ್ಷದ ರೂಢಿ. ಎದ್ದು ಒಂದು ಗಂಟೆ ನಡೆದು ಬಂದು ತೋಟಕ್ಕೆ ಇಳಿಯುತ್ತೇನೆ. ಸಾಗರ ತಾಲೂಕಿನ ನಮ್ಮೂರಲ್ಲಿ ಯಾವ ಹುಡುಗನಾದರೂ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ ಎಂದರೆ, "ಮೊದಲು ಬೇಗ ಏಳೋದು ಕಲಿ ಮಾರಾಯ" ಎನ್ನುತ್ತಿದ್ದೆ. ಎರಡೆಕರೆ ಅಡಿಕೆ ತೋಟವನ್ನು ಸಾಲವಿಲ್ಲದೆ ನಡೆಸಿಕೊಂಡು ಬಂದದ್ದು ನನ್ನ ಶಿಸ್ತಿನಿಂದಲೇ ಎಂದು ನಂಬಿದ್ದೆ.

ಎರಡು ವರ್ಷದ ಹಿಂದೆ ಕೊಯ್ಲಿನ ಹೊತ್ತಿನಲ್ಲಿ, ಅಡಿಕೆ ಸುಲಿಯಲು ಬರುವ ಹೆಂಗಸೊಬ್ಬರ ಮಗನಿಗೂ ಇದೇ ಮಾತು ಹೇಳಿದೆ. ಅವನ ತಾಯಿ ಪಕ್ಕದಲ್ಲೇ ಇದ್ದರು. ಅಡಿಕೆ ಸುಲಿಯುವ ಮೆಟ್ಟುಗತ್ತಿಯಿಂದ ಕಣ್ಣೆತ್ತದೆ, "ಅಣ್ಣಾ, ನಾನು ಮದುವೆಯಾಗಿ ಬಂದಾಗಿಂದ ನಾಲ್ಕಕ್ಕೇ ಏಳ್ತಿದೀನಿ. ನಂಗೆ ತೋಟ ಆಗ್ಲಿಲ್ವಲ್ಲ" ಅಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಮರುದಿನ ನೂರು ಪುಟದ ನೋಟ್‌ಬುಕ್ ತಂದು ಗಂಟೆಗಳನ್ನು ಬರೆಯಲು ಶುರುಮಾಡಿದೆ. ನನ್ನದು, ಹೆಂಡತಿಯದು, ಸುಲಿಯುವ ಐವರದು. ಎದ್ದದ್ದು ಎಷ್ಟಕ್ಕೆ, ಮನೆಗೆಲಸಕ್ಕೆ ಎಷ್ಟು ಹೊತ್ತು, ದಾರಿಗೆ ಎಷ್ಟು, ಮಲಗಿದ್ದು ಎಷ್ಟಕ್ಕೆ. ಮೊದಮೊದಲು ಹೇಳಲು ಮುಜುಗರಪಟ್ಟರು. ವಾರ ಕಳೆಯುವಷ್ಟರಲ್ಲಿ "ಇವತ್ತು ನಂದು ಬರ್ಕೊಂಡ್ರಾ?" ಎಂದು ಅವರೇ ಕೇಳತೊಡಗಿದರು.

ನಾನು ನಡೆದು ಬರುವಷ್ಟರಲ್ಲಿ ಹೆಂಡತಿ ಕೊಟ್ಟಿಗೆ ಮುಗಿಸಿ, ಅಡಿಕೆ ಬೇಯಿಸುವ ಹಂಡೆಗೆ ಬೆಂಕಿ ಹಾಕಿರುತ್ತಿದ್ದಳು. ಸುಲಿಯುವವರು ಅನ್ನ ಸಾರು ಮಾಡಿಟ್ಟು, ಮಕ್ಕಳನ್ನು ಶಾಲೆಗೆ ಹೊರಡಿಸಿ, ನಡೆದು ಬಂದು ಎಂಟೂವರೆಗೆ ಕತ್ತಿಯ ಮುಂದೆ ಕೂತರೆ ಏಳುತ್ತಿದ್ದದ್ದು ರಾತ್ರಿ ಹತ್ತು ಗಂಟೆಗೆ, ಕೆಲವೊಮ್ಮೆ ಹನ್ನೊಂದಕ್ಕೆ. ನಾನು ಒಂಬತ್ತೂವರೆಗೇ ಮಲಗಿರುತ್ತಿದ್ದೆ. ನಾಲ್ಕೂವರೆಯ ಗುಟ್ಟು ಅಷ್ಟೇ.

ತೋಟದ ವಿಷಯಕ್ಕೂ ಬರಬೇಕು. ಅಜ್ಜ ಗೇಣಿದಾರರು. ಗೇಣಿದಾರರು ಒಡೆಯರ ವಿರುದ್ಧ ನಡೆಸಿದ 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ನಮ್ಮ ತಾಲೂಕಿನಲ್ಲೇ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಚಳವಳಿ ಅದು. ಗೇಣಿ ಭತ್ತ ಅಳೆಯಲು ಒಡೆಯರು ಇಟ್ಟುಕೊಂಡಿದ್ದ ದೊಡ್ಡ ಕೊಳಗ ಆ ಜಗಳದ ಮುಖ್ಯ ಕಾರಣಗಳಲ್ಲೊಂದು. ಅಜ್ಜ ಸಾಯುವವರೆಗೂ ಆ ಕೊಳಗದ ಮಾತಾಡುತ್ತಿದ್ದರು. ಮುಂದೆ ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ, ನಮೂನೆ 7 ತುಂಬಿ, ಭೂ ನ್ಯಾಯಮಂಡಳಿಯ ಎದುರು ನಿಂತು ಗದ್ದೆ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಅದನ್ನು ತೋಟ ಮಾಡಿದ್ದು ಅಪ್ಪ. ಆದರೆ ಆ ಅರ್ಜಿ ಹಾಕಲು ಗೇಣಿದಾರರಾಗಿರಬೇಕಿತ್ತು. ಅದೇ ಗದ್ದೆಯಲ್ಲಿ ದಿನಗೂಲಿಗೆ ಭತ್ತದ ಸಸಿ ನೆಟ್ಟಿ ಮಾಡಿದವರಿಗೆ ಬರೆಯಲು ಏನೂ ಇರಲಿಲ್ಲ. ನನಗೆ ಆ ಮಾತು ಹೇಳಿದ ಅಕ್ಕನ ಅತ್ತೆ ನಮ್ಮ ಗದ್ದೆಯಲ್ಲೇ ನೆಟ್ಟಿ ಮಾಡಿದವರು. ಅಜ್ಜನ ಹೋರಾಟದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ. ಅದರ ಫಲ ಮಾತ್ರ ನನಗೆ ಕೂತಲ್ಲಿಗೇ ಬಂದದ್ದು.

ಏನಾದರೂ ಮಾಡಬೇಕು ಅನ್ನಿಸಿ, ಸಂಜೆ ಏಳಕ್ಕೆ ಅಡಿಕೆ ಸುಲಿಯುವ ಚಪ್ಪರದ ದೀಪ ಆರಿಸತೊಡಗಿದೆ. ಅದು ನಾನು ಮಾಡಿದ ದೊಡ್ಡ ತಪ್ಪು. ಸುಲಿಯುವುದಕ್ಕೆ ಕೂಲಿ ಡಬ್ಬದ ಲೆಕ್ಕದಲ್ಲಿ. ಹೊತ್ತು ಕಡಿಮೆಯಾದರೆ ಡಬ್ಬವೂ ಕಡಿಮೆ. "ನಿಮ್ಗೆ ನಿದ್ದೆ ಬಂದ್ರೆ ನೀವು ಮಲ್ಗಿ, ನಮ್ ದುಡಿಮೆ ಯಾಕೆ ಕಳೀತೀರಿ?" ಎಂದು ಕೇಳಿದರು. ಅವರು ಹೇಳಿದ್ದು ಸರಿ. ಯಾರನ್ನೂ ಕೇಳದೆ ಉಪಕಾರ ಮಾಡಲು ಹೊರಟಿದ್ದೆ.

ಆ ದಿನವೇ ಡಬ್ಬವನ್ನು ಸರಿಯಾಗಿ ನೋಡಿದೆ. ನಮ್ಮಲ್ಲಿ ಅದನ್ನು ಅಂಚಿಗೆ ಸಮ ತುಂಬುವ ಪದ್ಧತಿ ಇರಲಿಲ್ಲ. ಮೇಲೆ ಗೋಪುರ ಬರುವಷ್ಟು ರಾಶಿ ಹಾಕಿಸಿ, ಒಂದು ಎಂದು ಬರೆಯುತ್ತಿದ್ದೆವು. ಅಪ್ಪನ ಕಾಲದಿಂದ ಬಂದದ್ದು, ನಾನೂ ಹಾಗೇ ಅಳೆದೆ. ಕೊಳಗದ ಕಥೆ ಕೇಳುತ್ತ ಬೆಳೆದವನು ನಾನು. ಅಂಗಳದಲ್ಲಿ ನಿಂತು ಮೈ ಬೆವರಿತು.

ಮರುವಾರ ತಕ್ಕಡಿ ತಂದೆ. ಸಮ ತುಂಬಿದ ಡಬ್ಬವನ್ನು ಎಲ್ಲರೆದುರು ತೂಗಿ, ಕೂಲಿಯನ್ನು ಕಿಲೋ ಲೆಕ್ಕಕ್ಕೆ ಬದಲಿಸಿದೆ. ಹೊತ್ತು ಮೊಟಕಾದರೂ ವಾರದ ಕೂಲಿ ಇಳಿಯದಂತೆ ದರ ಕೂಡಿಸಿದೆ. ಅದಕ್ಕೆ ಬೇಕಾದ ದುಡ್ಡಿಗಾಗಿ ಹೊಸ ಬೈಕಿನ ಯೋಚನೆ ಬಿಟ್ಟೆ. ಚಪ್ಪರದ ಹಿಂದೆ ಹೆಂಗಸರಿಗೆ ಶೌಚಾಲಯ ಕಟ್ಟಿಸಿದೆ. ಕಿಟಕಿಯಲ್ಲಿ ಅವರಿಗೆಂದು ಬೇರೆ ಇಟ್ಟಿದ್ದ ಟೀ ಲೋಟಗಳನ್ನು ತೆಗೆದೆ. ಅದನ್ನು ಬರೆಯಲೂ ನಾಚಿಕೆಯಾಗುತ್ತದೆ.

ಕಷ್ಟವಾದದ್ದು ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವ ಲೆಕ್ಕ. ಹಸಿ ಅಡಿಕೆ ಕೊಯ್ದ ಮೇಲೆ ಬೇಗ ಸುಲಿದು ಬೇಯಿಸಬೇಕು, ತಡವಾದರೆ ಬಣ್ಣ ಕೆಡುತ್ತದೆ, ಮಂಡಿಯಲ್ಲಿ ದರ ಬೀಳುತ್ತದೆ. ಮರ ಹತ್ತಿ ಕೊನೆ ಇಳಿಸುವ ಕೊನೆಗಾರರು ಸಿಗುವುದೇ ಅಪರೂಪವಾದ್ದರಿಂದ ಬಂದ ದಿನ ಆದಷ್ಟೂ ಇಳಿಸಿಬಿಡುತ್ತಿದ್ದೆವು. ರಾತ್ರಿ ಸುಲಿತದ ಬೇರು ಅಲ್ಲಿತ್ತು. ಪಕ್ಕದ ಇಬ್ಬರು ತೋಟದವರ ಜತೆ ಕೂತು, ಕೊನೆಗಾರ ಒಂದೇ ದಿನದಲ್ಲಿ ಮೂರೂ ತೋಟಗಳಲ್ಲಿ ಸ್ವಲ್ಪ ಸ್ವಲ್ಪ ಇಳಿಸುವಂತೆ ಮಾತಾಡಿಕೊಂಡೆವು. ಕೊನೆಗಾರರಿಗೆ ಓಡಾಟ ಹೆಚ್ಚಾಯಿತು, ಅದಕ್ಕೆ ಬೇರೆ ಕೊಟ್ಟೆವು. ಮಳೆ ಹಿಡಿದಾಗ ಎರಡು ಸಲ ಲೆಕ್ಕ ತಪ್ಪಿ ರಾತ್ರಿ ಕೂರಬೇಕಾಯಿತು. ಉಳಿದಂತೆ ಏಳಕ್ಕೆ ಚಪ್ಪರ ಖಾಲಿ.

ಹಂಡೆಯ ಬೆಂಕಿ ಈಗ ನನ್ನ ಪಾಲು. ನಡಿಗೆ ಸಂಜೆಗೆ ಹೋಯಿತು. ಈ ಸಲದ ಕೊಯ್ಲಿಗೆ ಇನ್ನು ಹದಿನೈದು ದಿನವಿದೆ. ಕೊನೆಗಾರರಿಗೆ ಹೇಳಿಯಾಗಿದೆ. ಕಿಲೋಗೆ ಎಷ್ಟು ಎಂದು ಈ ಸಲ ನಾನು ಹೇಳುವುದಿಲ್ಲ. ಸುಲಿಯುವ ಐವರನ್ನೂ ಭಾನುವಾರ ಬರಹೇಳಿದ್ದೇನೆ, ನೋಟ್‌ಬುಕ್ ಅವರ ಮುಂದೆ ಇಡುತ್ತೇನೆ.