ಟ್ರ್ಯಾಕ್ಟರ್ ಬ್ಯಾಟರಿ ಅಳೆಯುವ ಮುಂಚೆ ಪಿನ್ ಕಾಪಾಡಿ

ನಾಟಿ ಟೈಮಿನಲ್ಲಿ ಕಾರಟಗಿ ಕಡೆಯ ಡಿಪ್ಲೊಮಾ ಹುಡುಗನೊಬ್ಬ ಆರ್ಡುಯಿನೊ ಊನೊ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ಹಿಡ್ಕೊಂಡು ಗಂಗಾವತಿಯ ನಮ್ಮ ಮನೆಗೆ ಬಂದ. "ಸರ, ಬೋರ್ಡ್ ಹೋತ್ರಿ." ಅಪ್ಪನ ಟ್ರ್ಯಾಕ್ಟರ್ ಬ್ಯಾಟರಿ ಅಳೆಯಲು 12 ವೋಲ್ಟನ್ನು ಕರೆಕ್ಟಾಗಿ 5ಕ್ಕೆ ಇಳಿಸಿದ್ದ. ಲೆಕ್ಕ ಸರಿ. ಆದರೆ ಇಂಜಿನ್ ಓಡುವಾಗ ಅದೇ ಬ್ಯಾಟರಿ 14.4ರ ಹತ್ತಿರ ಹೋಗುತ್ತದೆ, ಬೋರ್ಡಿನ ಅಳೆಯುವ ಪಿನ್ನಿಗೆ 6 ವೋಲ್ಟ್ ಬಿತ್ತು. ಊನೊದ ಪಿನ್ ತನ್ನ 5 ವೋಲ್ಟ್ ಸಪ್ಲೈಗಿಂತ ಅರ್ಧ ವೋಲ್ಟ್ ಜಾಸ್ತಿ ತಡೆದೀತು, ಅದರಾಚೆ ಇಲ್ಲ.

ಮೊದಲು ವೋಲ್ಟ್ ಇಳಿಸುವ ಎರಡು ರೆಸಿಸ್ಟರ್. ಬ್ಯಾಟರಿ ಪ್ಲಸ್‌ನಿಂದ ಪಿನ್ನಿಗೆ 33ಕೆ (ಅಂದರೆ 33 ಕಿಲೋಓಮ್), ಪಿನ್‌ನಿಂದ ಗ್ರೌಂಡಿಗೆ 10ಕೆ. 14.4 ಇದ್ದಾಗ ಪಿನ್ನಿಗೆ ಬರುವುದು 3.35, ಮೇಲೆ ಬೇಕಾದಷ್ಟು ಜಾಗ ಉಳಿಯುತ್ತದೆ. ಬ್ಯಾಟರಿ ಪಕ್ಕದಲ್ಲೇ ಸಣ್ಣ ಫ್ಯೂಸ್ ಹಾಕಿ. ಪಿನ್ನಿಗೂ ಗ್ರೌಂಡಿಗೂ ನಡುವೆ 104 ಅಂತ ಬರೆದಿರುವ (0.1 ಮೈಕ್ರೋಫ್ಯಾರಡ್) ಕೆಪಾಸಿಟರ್ ಇರಲಿ.

ಇಷ್ಟಕ್ಕೆ ನಿಲ್ಲಿಸಬೇಡಿ. ಗದ್ದೆಯಲ್ಲಿ ಗಡಗಡ ಅಂದಾಗ ಆ 10ಕೆ ಕಾಲು ಬಿಟ್ಟರೆ ಬ್ಯಾಟರಿ 33ಕೆ ಮೂಲಕ ನೇರ ಪಿನ್ನಿಗೇ ಬಡಿಯುತ್ತದೆ. ಅದಕ್ಕೇ ಎರಡು ಶಾಟ್ಕಿ ಡಯೋಡ್ ಬೇಕು, ಅಂದರೆ ಕಡಿಮೆ ವೋಲ್ಟಿಗೇ ತೆರೆದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವಂಥವು. ನಾನು ಬಿಎಟಿ85 ಹಾಕುತ್ತೇನೆ. ಎಲ್ಲರೂ ಎಡವುವುದು ಇಲ್ಲೇ, ನಿಧಾನಕ್ಕೆ ಮಾಡಿ. ಒಂದನೆಯದರ ಪಟ್ಟಿ ಇರುವ ಕಾಲು 5 ವೋಲ್ಟಿಗೆ, ಇನ್ನೊಂದು ಕಾಲು ಪಿನ್ನಿಗೆ. ಎರಡನೆಯದರ ಪಟ್ಟಿ ಇರುವ ಕಾಲು ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ. ಅಂದರೆ ಎರಡರ ಪಟ್ಟಿಯೂ 5 ವೋಲ್ಟಿನ ಕಡೆಗೇ ನೋಡುತ್ತಿರಬೇಕು. ಗಾಜಿನ ಮೇಲಿನ ಆ ಪಟ್ಟಿ ಕೂದಲೆಳೆಯಷ್ಟೇ ಕಾಣುತ್ತದೆ, ಬೆಳಕಿಗೆ ಹಿಡಿದು ನೋಡಿ.

ಅಂಗಡಿಯಲ್ಲಿ "ಇದೂ ಅದೇ" ಅಂತ 4148 ಎಂಬ ಸಾದಾ ಡಯೋಡ್ ಕೊಟ್ಟರೆ ವಾಪಸ್ ಕೊಡಿ. ಅದು ಸರಿಯಾಗಿ ಎಳೆಯಲು 0.6, 0.7 ವೋಲ್ಟ್ ಬೇಕು, ಅಷ್ಟರಲ್ಲಿ ಪಿನ್ನಿನ ಮಿತಿ ದಾಟಿರುತ್ತದೆ. ಝೀನರ್ (ನಿಗದಿತ ವೋಲ್ಟ್ ದಾಟಿದರೆ ಕರೆಂಟ್ ಬಿಡುವ ಡಯೋಡ್) ಹಾಕಿದ್ರೆ ಸಾಕಲ್ವಾ ಅಂತ ಕೇಳುತ್ತಾರೆ. ಬೇಡ. 5.1ರ ಝೀನರ್ 5.1ಕ್ಕೂ ಮುಂಚೆಯೇ ಸೋರಲು ಶುರು ಮಾಡಿ ರೀಡಿಂಗ್ ಕೆಡಿಸುತ್ತದೆ. ಶಾಟ್ಕಿಯೂ ಸೆಖೆಗೆ ಸ್ವಲ್ಪ ಸೋರುತ್ತದೆ, ಏಪ್ರಿಲ್-ಮೇ ಬಿಸಿಲು ಗೊತ್ತಲ್ಲ, ಡಬ್ಬಿಯನ್ನು ಬಾನೆಟ್ ಮೇಲೆ ಇಡಬೇಡಿ.

ಇನ್ನೊಂದು ಮಾತು. 33ಕೆ ಬದಲು 1ಕೆ ಹಾಕಿದರೂ ಡಯೋಡ್ ಇದೆಯಲ್ಲ ಅಂತ ಧೈರ್ಯ ಮಾಡಬೇಡಿ. ಡಯೋಡ್ ಆ ಕರೆಂಟನ್ನು ನುಂಗುವುದಿಲ್ಲ, 5 ವೋಲ್ಟ್ ಲೈನಿಗೆ ದಬ್ಬುತ್ತದೆ. ಸಪ್ಲೈ ತೆಗೆದಿದ್ದರೂ ಬೋರ್ಡ್ ಅರೆಜೀವದಲ್ಲಿ ಮಿಣುಕುತ್ತದೆ. 33ಕೆ ಇದ್ದರೆ 60 ವೋಲ್ಟ್ ಜಿಗಿದು ಬಂದರೂ ಡಯೋಡಿಗೆ ಹೋಗುವುದು ಸುಮಾರು 1 ಮಿಲಿಆಂಪ್.

ಬ್ರೆಡ್‌ಬೋರ್ಡ್ ಬೇಡ, ಬೆಸುಗೆ ಹಾಕಿ. ಆಮೇಲೆ ಟ್ರ್ಯಾಕ್ಟರ್ ಬ್ಯಾಟರಿ ಜಾಗದಲ್ಲಿ ಸುಮ್ನೆ ಒಂದು 9 ವೋಲ್ಟ್ ಬ್ಯಾಟರಿ ಇಟ್ಟು ನೋಡಿ. ಪಿನ್ನಿನ ರೀಡಿಂಗ್ (ಊನೊ 0ಯಿಂದ 5 ವೋಲ್ಟನ್ನು 0ಯಿಂದ 1023 ಅಂತ ಎಣಿಸುತ್ತದೆ) 430ರ ಆಸುಪಾಸು ಬರಬೇಕು. 900ರ ಮೇಲೇ ಕೂತಿದ್ದರೆ 5 ವೋಲ್ಟ್ ಕಡೆಯ ಡಯೋಡ್ ಉಲ್ಟಾ, 100 ದಾಟದಿದ್ದರೆ ಗ್ರೌಂಡ್ ಕಡೆಯದು. ತಿರುಗಿಸಿ ಹಾಕಿ, ಆಮೇಲೆ ಟ್ರ್ಯಾಕ್ಟರ್ ಹತ್ತಿರ ಹೋಗಿ.